ಹೇರೆತ್ತು, ಜೀಪು, ಗೂರ್ಖಾ: ಸೇನೆಯ ಗಾಡಿಗಳ ಬೆಲೆ ಮತ್ತು ಬಲ

ಹಡಗಲಿ ತಾಲ್ಲೂಕಿನ ಹೊಳೆದಂಡೆಯ ಎರೆ ಹೊಲಕ್ಕೆ ಎರಡು ಹದ ಮಳೆ ಬಿದ್ದ ಮೇಲೆ ಯಾವ ಗಾಡಿ ಇಳಿಸಬಹುದು, ಯಾವುದನ್ನು ಇಳಿಸಬಾರದು ಎಂದು ಅಲ್ಲಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು, ಸುತ್ತು ಸುತ್ತಿಗೂ ದಪ್ಪವಾಗಿ, ಕೊನೆಗೆ ಗಾಲಿ ತಿರುಗದಂತೆ ಕಟ್ಟಿಹಾಕುತ್ತದೆ. ಕೂಡ್ಲಿಗಿ ಕಡೆಗೆ ಬಂದರೆ ನೆಲ ಬೇರೆ: ಮಸಾರಿ, ಗರಸು, ಗುಡೇಕೋಟೆಯ ಬಂಡೆಗಲ್ಲು. ಹಗರಿಬೊಮ್ಮನಹಳ್ಳಿ, ಕೊಟ್ಟೂರು ಸೀಮೆಯಲ್ಲಿ ಚಿಕ್ಕ ಹಗರಿಯೂ ಅದಕ್ಕೆ ಸೇರುವ ಮರಳು ಹಳ್ಳಗಳೂ ಇವೆ. ಹರಪನಹಳ್ಳಿಯಲ್ಲಿ ಎರೆಯೂ ಉಂಟು, ಮಸಾರಿಯೂ ಉಂಟು, ಉಚ್ಚಂಗಿದುರ್ಗದ ಗುಡ್ಡವೂ ಉಂಟು. ರಸ್ತೆಯಿಲ್ಲದ ಕಡೆ ಸಾಗುವ ಗಾಡಿಯೊಂದನ್ನು ಪರೀಕ್ಷಿಸಲು ಬೇಕಾದ ಬಗೆಬಗೆಯ ನೆಲ ಈ ಐದು ತಾಲ್ಲೂಕುಗಳ ಒಳಗೇ ಸಿಗುತ್ತದೆ. ಎರಡು ಶತಮಾನಗಳ ಹಿಂದೆ ಈ ಸೀಮೆಯಲ್ಲೂ ಇದರ ಆಸುಪಾಸಿನಲ್ಲೂ ಓಡಾಡಿದ ಸೇನೆಗಳು ಆ ಪರೀಕ್ಷೆಯನ್ನು ಎದುರಿಸಿದ್ದವು.

ಸೇನೆಯ ಗಾಡಿಯ ಮಾತು ಬಂದಾಗಲೆಲ್ಲ ಎರಡು ಲೆಕ್ಕ ಏಳುತ್ತವೆ. ಅದರ ಬೆಲೆ ಎಷ್ಟು, ಅದು ಎಲ್ಲಿಯವರೆಗೆ ಹೋಗಬಲ್ಲದು. ಕೆಸರಿನಲ್ಲಿ ಹೂತರೆ ಎತ್ತುವವರು ಯಾರು, ಕೆಟ್ಟರೆ ರಿಪೇರಿ ಮಾಡುವವರು ಯಾರು ಎಂಬ ಇನ್ನೊಂದು ಲೆಕ್ಕವನ್ನು ಖರೀದಿಯ ಕಾಗದಗಳು ಬಹುಪಾಲು ಬಿಟ್ಟುಬಿಡುತ್ತವೆ. ಇತಿಹಾಸದಲ್ಲಿ ಗೆದ್ದ ಗಾಡಿಗಳ ಪಟ್ಟಿ ತೆಗೆದು ನೋಡಿದರೆ ಹೆಚ್ಚಿನ ಕಡೆ ಸೋಲು ಗೆಲುವನ್ನು ತೀರ್ಮಾನಿಸಿದ್ದು ಈ ಮೂರನೆಯ ಲೆಕ್ಕವೇ ಎಂದು ನನಗೆ ತೋರುತ್ತದೆ.

1791ರ ಮೇ ತಿಂಗಳು. ಬೆಂಗಳೂರಿನ ಕೋಟೆ ಹಿಡಿದ ಇಂಗ್ಲಿಷರ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್ ದೊಡ್ಡ ತೋಪುಗಳನ್ನು ಎಳೆಸಿಕೊಂಡು ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದಿದ್ದ. ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಟಿಪ್ಪುವಿನ ಪಡೆಯನ್ನು ಹಿಮ್ಮೆಟ್ಟಿಸಿಯೂ ಇದ್ದ. ಆದರೆ ಮಳೆ ಹಿಡಿಯಿತು, ಮೇವು ಸಿಗಲಿಲ್ಲ, ರೋಗ ಬಿತ್ತು, ತೋಪು ಎಳೆಯುವ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯುವ ಒಂದು ತೋಪಿನ ಕೊಳವೆಯ ತೂಕವೇ ಎರಡೂವರೆ ಟನ್ನಿನ ಹತ್ತಿರ. ಅದನ್ನು ಎಳೆಯಲು ಹತ್ತಾರು ಜೋಡಿ ಎತ್ತು ಬೇಕು. ಎತ್ತಿಲ್ಲದ ಮೇಲೆ ಅದು ಬರೀ ಕಬ್ಬಿಣ. ಕಾರ್ನ್‌ವಾಲಿಸ್ ತನ್ನ ತೋಪುಗಳನ್ನು ತಾನೇ ಒಡೆಸಿಹಾಕಿ ಹಿಂದೆ ಸರಿಯಬೇಕಾಯಿತು. ಗೆದ್ದ ಸೇನೆ ಸೋತವರ ಹಾಗೆ ಹಿಂತಿರುಗಿತು.

ಮೇಲುಕೋಟೆಯ ಹತ್ತಿರ ಅದಕ್ಕೆ ಮಿತ್ರರಾದ ಮರಾಠರ ಸೇನೆ ಎದುರಾಯಿತು. ಧಾರವಾಡದ ಕೋಟೆ ಹಿಡಿದು, ತುಂಗಭದ್ರೆ ದಾಟಿ ಬಂದಿದ್ದ ಪರಶುರಾಮ ಭಾವೂನ ಪಡೆ ಅದು. ಆ ಪಡೆಯ ಬೆನ್ನಿಗೆ ಬಂದ ಸಂತೆಯಲ್ಲಿ ಕಾಳು ಕಡಿ ಇತ್ತು. ಬೆಲೆ ವಿಪರೀತವಾಗಿತ್ತು, ಆದರೆ ಇತ್ತು. ಹಸಿದಿದ್ದ ಇಂಗ್ಲಿಷರ ಪಡೆ ಅದನ್ನು ಕೊಂಡು ಜೀವ ಉಳಿಸಿಕೊಂಡಿತು. ಆ ಕಾಲದ ಸೇನೆಗಳ ಹಿಂದೆ ಹಾಗೆ ಕಾಳು ಹೊತ್ತು ನಡೆಯುತ್ತಿದ್ದವು ಲಂಬಾಣಿಗಳ ಹೇರೆತ್ತುಗಳು. ಮರುವರ್ಷ, ಅಂದರೆ 1792ರ ಫೆಬ್ರುವರಿಯಲ್ಲಿ, ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣಕ್ಕೆ ಬರುವ ಮುನ್ನ ಮಾಡಿದ ಕೆಲಸ ಈ ಲಂಬಾಣಿಗಳನ್ನು ಸಾವಿರಾರು ಹೇರೆತ್ತುಗಳ ಸಮೇತ ಗೊತ್ತುಮಾಡಿಕೊಂಡದ್ದು. ಆ ಸಲ ಅವನ ಸೇನೆ ಉಪವಾಸ ಬೀಳಲಿಲ್ಲ.

ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ತಾಂಡಾಗಳಲ್ಲಿ ಇಂದು ನೆಲೆ ನಿಂತಿರುವುದು ಇದೇ ಸಮುದಾಯ. ದಖನ್ನಿನ ಯುದ್ಧಗಳ ಚರಿತ್ರೆಯಲ್ಲಿ ಸೇನಾಪತಿಗಳ ಹೆಸರು ಉಳಿಯಿತು, ಅವರ ಅನ್ನ ಹೊತ್ತವರ ಹೆಸರು ಉಳಿಯಲಿಲ್ಲ. ಹೇರೆತ್ತಿನ ಲೆಕ್ಕವನ್ನು ಒಮ್ಮೆ ನೋಡಿ. ಬೆನ್ನಿನ ಎರಡೂ ಕಡೆ ಇಳಿಬಿಟ್ಟ ಗೋಣಿ, ಅದರಲ್ಲಿ ಕಾಳು ಅಥವಾ ಉಪ್ಪು. ಅದಕ್ಕೆ ರಸ್ತೆ ಬೇಡ, ಸೇತುವೆ ಬೇಡ. ಹಳ್ಳಕ್ಕೆ ಇಳಿದು ಹತ್ತುತ್ತದೆ, ಗುಡ್ಡದ ಕಾಲುದಾರಿಯಲ್ಲಿ ಒಂದರ ಹಿಂದೆ ಒಂದಾಗಿ ಸಾಗುತ್ತದೆ. ದಾರಿಯ ಪಕ್ಕದ ಹುಲ್ಲನ್ನೇ ಮೇಯುವುದರಿಂದ ಮೇವಿನ ಖರ್ಚೂ ಕಡಿಮೆ. ಮಂದೆಯ ಜೊತೆ ಇಡೀ ಕುಟುಂಬವೇ ನಡೆಯುತ್ತಿತ್ತು, ಹೀಗಾಗಿ ಎತ್ತು ಕುಂಟಿದರೆ ನೋಡಿಕೊಳ್ಳುವವರೂ ಅಲ್ಲೇ ಇದ್ದರು. ವೇಗ ಮಾತ್ರ ಇರಲಿಲ್ಲ.

ವೇಗ ಬೇಕಾದವರು ಬೇರೆ ತಳಿಯ ಎತ್ತುಗಳನ್ನು ಸಾಕಿದರು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಬೆಣ್ಣೆ ಚಾವಡಿ ಎಂಬ ಇಲಾಖೆಯಾಗಿ ಬೆಳೆದ ಹಸುಗಳ ಮಂದೆಯನ್ನು ಹೈದರ್ ಸೇನೆಗೆ ಹೊಂದಿಸಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟ. ಉದ್ದ ಕೊಂಬಿನ, ಬಿಗಿ ಮೈಯ, ಸಿಟ್ಟಿನ ದನ ಅವು. ಹೊಲದ ಕೆಲಸಕ್ಕಿಂತ ತೋಪಿನ ಬಂಡಿಯನ್ನು ಓಟದ ನಡಿಗೆಯಲ್ಲಿ ಎಳೆಯಲು ಹೇಳಿಮಾಡಿಸಿದವು. ಹೈದರ್ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು, 1783ರಲ್ಲಿ ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಒಂದು ತಿಂಗಳಲ್ಲಿ ಪರ್ಯಾಯ ದ್ವೀಪವನ್ನೇ ಅಡ್ಡ ಹಾಯ್ದದ್ದು ಈ ಎತ್ತುಗಳ ಬಲದಿಂದ ಎಂದು ಆ ನಂತರದ ಇಂಗ್ಲಿಷ್ ಅಧಿಕಾರಿಗಳೇ ಬರೆದಿಟ್ಟಿದ್ದಾರೆ. ಸೋತಾಗಲೂ ತೋಪುಗಳನ್ನು ಶತ್ರುವಿನ ಕಣ್ಣೆದುರೇ ಎಳೆದುಕೊಂಡು ಪಾರಾಗುವ ಶಕ್ತಿ ಮೈಸೂರಿನ ಸೇನೆಗಿದ್ದದ್ದು ಇದರಿಂದಲೇ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಮಂದೆಗಳು ಇಂಗ್ಲಿಷರ ಪಾಲಾದವು. ಮರುವರ್ಷವೇ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಬಂಡೆದ್ದ ಧೋಂಡಿಯಾ ವಾಘನ ಬೆನ್ನಟ್ಟಿ ಚಿತ್ರದುರ್ಗದ ಮೇಲೆ ಹಾಯ್ದು, ಹರಪನಹಳ್ಳಿಯ ಪಕ್ಕದ ಹರಿಹರದಲ್ಲಿ ತುಂಗಭದ್ರೆ ದಾಟಿದ. ಜೂನ್ ತಿಂಗಳ ತುಂಬಿದ ಹೊಳೆ. ಹರಿಗೋಲುಗಳಲ್ಲಿ ಸೇನೆಯನ್ನು ಆಚೆ ದಡ ಮುಟ್ಟಿಸಲು ದಿನಗಳೇ ಹಿಡಿದವು. ಬೆನ್ನಟ್ಟುವಿಕೆ ಮುಗಿದದ್ದು 1800ರ ಸೆಪ್ಟೆಂಬರ್ 10ರಂದು, ಕೋಣಗಲ್ಲಿನ ಬಳಿ ಧೋಂಡಿಯಾ ಸತ್ತಾಗ. ಆ ವರ್ಷವೇ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ಈ ತಾಲ್ಲೂಕುಗಳು ಥಾಮಸ್ ಮನ್ರೋನ ಆಡಳಿತಕ್ಕೆ ಬಂದವು. ಇಲ್ಲಿನ ಹೊಳೆ, ಎರೆ, ಎತ್ತುಗಳಿಂದ ಕಲಿತ ಪಾಠವನ್ನು ವೆಲ್ಲೆಸ್ಲಿ ಮರೆಯಲಿಲ್ಲ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿಕೊಳ್ಳಲಿದ್ದ ಅವನು ಸ್ಪೇನಿನಲ್ಲಿ ನೆಪೋಲಿಯನ್ನನ ಸೇನೆಗಳ ಎದುರು ಹೋರಾಡುವಾಗ ಮೈಸೂರಿನ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಹಂಬಲಿಸಿದ್ದ.

ಅಂಥ ಮಂದೆಯನ್ನು 1860ರಲ್ಲಿ ಮದ್ರಾಸು ಸರ್ಕಾರ ಖರ್ಚು ಉಳಿಸುವ ನೆಪದಲ್ಲಿ ಹರಾಜು ಹಾಕಿ ಮುಚ್ಚಿತು. ಆರೇ ವರ್ಷಕ್ಕೆ, 1866ರಲ್ಲಿ, ಹಾಗೆ ಮಾಡಿದ್ದು ನಷ್ಟವೆಂದು ತಿಳಿದು ಮತ್ತೆ ಶುರುಮಾಡಬೇಕಾಯಿತು. ಅಗ್ಗವೆಂದು ಕಂಡ ತೀರ್ಮಾನ ದುಬಾರಿಯಾಗುವುದು ಸೇನೆಯ ಸಾಗಾಟದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಅತ್ತ ರೈಲು ಬಂದು ಲಂಬಾಣಿಗಳ ಹೇರಿನ ವ್ಯಾಪಾರವನ್ನು ನುಂಗಿತು. ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್‌ಗೇಜ್ ಹಳಿ ಬಿದ್ದ ಹೊತ್ತಿಗೆ ಹೇರೆತ್ತಿನ ಕಾಲ ಮುಗಿದಿತ್ತು.

ಎತ್ತು, ಕುದುರೆ, ಹೇಸರಗತ್ತೆಗಳ ಜಾಗಕ್ಕೆ ಯಂತ್ರವೊಂದು ಬಂದ ಕಥೆ 1940ರ ಜುಲೈನಲ್ಲಿ ಅಮೆರಿಕದಲ್ಲಿ ಶುರುವಾಗುತ್ತದೆ. ಯುರೋಪಿನಲ್ಲಿ ಜರ್ಮನಿಯ ಸೇನೆ ಮುನ್ನುಗ್ಗುತ್ತಿದ್ದ ಗಾಬರಿಯಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಟೆಂಡರ್ ಕರೆದು, ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ, ಕಾಲು ಟನ್ ಹೊರುವ ಸಣ್ಣ ಗಾಡಿಯೊಂದನ್ನು ಕೇಳಿತು. ಮಾದರಿಯನ್ನು 49 ದಿನಗಳಲ್ಲಿ ತಂದು ತೋರಿಸಬೇಕು. ಗಡುವಿನೊಳಗೆ ತಂದದ್ದು ದಿವಾಳಿಯ ಅಂಚಿನಲ್ಲಿದ್ದ ಬ್ಯಾಂಟಮ್ ಎಂಬ ಪುಟ್ಟ ಕಂಪನಿ. ಕಾರ್ಲ್ ಪ್ರೊಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದು, ಸೆಪ್ಟೆಂಬರ್ 23ರಂದು ಗಡುವು ಮುಗಿಯಲು ಅರ್ಧ ಗಂಟೆ ಇರುವಾಗ ಗಾಡಿಯನ್ನು ಸೇನೆಯ ಅಂಗಳಕ್ಕೆ ತಂದು ನಿಲ್ಲಿಸಿದ. ತೂಕ ಸೇನೆ ಹೇಳಿದ್ದಕ್ಕಿಂತ ಬಹಳ ಹೆಚ್ಚಿತ್ತು. ಗುಂಡಿಗೆ ಬಿದ್ದರೆ ಇಬ್ಬರು ಎತ್ತಬಲ್ಲರಾದರೆ ಇದು ನಮಗೆ ಬೇಕು ಎಂದು ಅಧಿಕಾರಿಯೊಬ್ಬ ಹೇಳಿದನೆಂಬ ಮಾತು ಜೀಪಿನ ಚರಿತ್ರೆಯಲ್ಲಿ ಉಳಿದಿದೆ. ಗಾಡಿಯನ್ನು ಎತ್ತುವವರು ಯಾರು ಎಂಬ ಲೆಕ್ಕ ಅಲ್ಲಿ ಮೊದಲ ದಿನವೇ ಬಂದಿತ್ತು.

ಬ್ಯಾಂಟಮ್‌ಗೆ ಆದದ್ದು ಅನ್ಯಾಯ. ಅದರ ನಕ್ಷೆಯನ್ನು ಸೇನೆ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೂ ಕೊಟ್ಟಿತು, ದೊಡ್ಡ ಗುತ್ತಿಗೆ ವಿಲ್ಲಿಸ್‌ಗೆ ಹೋಯಿತು. ವಿಲ್ಲಿಸ್‌ನ ಬಲ ಅದರ ಎಂಜಿನ್: 2.2 ಲೀಟರ್, 60 ಅಶ್ವಶಕ್ತಿ. ಆದರೆ ಆ ಎಂಜಿನ್ ಭಾರವಾಗಿತ್ತು, ಸೇನೆಯೋ ತೂಕಕ್ಕೆ ಹೊಸ ಮಿತಿ ಹಾಕಿತ್ತು. ಆಗ ವಿಲ್ಲಿಸ್‌ನ ಬಾರ್ನಿ ರೂಸ್ ಇಡೀ ಗಾಡಿಯನ್ನು ಬಿಚ್ಚಿ ಹರಡಿದ. ಬೋಲ್ಟುಗಳ ಹೆಚ್ಚುವರಿ ತುದಿ ಕತ್ತರಿಸಿ, ತಗಡು ತೆಳುವು ಮಾಡಿ, ಬಳಿಯುವ ಬಣ್ಣವನ್ನೂ ಕಡಿಮೆ ಮಾಡಿ ಮಿತಿಯೊಳಗೆ ತಂದ. 1941ರ ಗುತ್ತಿಗೆಯಲ್ಲಿ ಗಾಡಿಯೊಂದರ ಬೆಲೆ 740 ಡಾಲರಿನ ಆಸುಪಾಸು. ಅಂದಿನ ವಿನಿಮಯದಲ್ಲಿ ಸುಮಾರು 2,450 ರೂಪಾಯಿ. ಯುದ್ಧ ಮುಗಿಯುವ ಹೊತ್ತಿಗೆ ವಿಲ್ಲಿಸ್ ಸುಮಾರು 3,60,000, ಫೋರ್ಡ್ ಸುಮಾರು 2,80,000 ಜೀಪುಗಳನ್ನು ಮಾಡಿದ್ದವು. ಫೋರ್ಡ್‌ನ ಬಿಡಿಭಾಗ ವಿಲ್ಲಿಸ್‌ಗೆ ಕೂಡುತ್ತಿತ್ತು. ರಣರಂಗದಲ್ಲಿ ಒಡೆದ ಎರಡು ಜೀಪಿನಿಂದ ಓಡುವ ಒಂದನ್ನು ಕಟ್ಟಬಹುದಿತ್ತು.

ಜೀಪಿನ ಒಳಗಿನ ಗುಟ್ಟು ನೆಲದ ಮೇಲೆಯೇ ಕಾಣುತ್ತದೆ. ಡ್ರೈವರಿನ ಬಲಗೈ ಬಳಿ ಉದ್ದನೆಯ ಗೇರ್ ಕಡ್ಡಿ ಒಂದು, ಅದರ ಪಕ್ಕ ಗಿಡ್ಡ ಕಡ್ಡಿಗಳು ಎರಡು. ಒಂದು ಗಿಡ್ಡ ಕಡ್ಡಿ ತಳ್ಳಿದರೆ ಮುಂದಿನ ಗಾಲಿಗಳಿಗೂ ಬಲ ಹೋಗುತ್ತದೆ. ಇನ್ನೊಂದು ಎಳೆದರೆ ವೇಗ ಅರ್ಧಕ್ಕಿಳಿದು ಎಳೆಯುವ ಶಕ್ತಿ ಸರಿಸುಮಾರು ಇಮ್ಮಡಿಯಾಗುತ್ತದೆ. ಕೆಸರಿನಲ್ಲಿ ಎಂಜಿನ್ ಗರ್ಜಿಸುವಂತೆ ಮಾಡಿದರೆ ಗಾಲಿ ಗಿರ್ರನೆ ಸುತ್ತಿ ಇನ್ನೂ ಆಳಕ್ಕೆ ಹೂಳುತ್ತದೆ. ಈ ಎರಡನೆಯ ಕಡ್ಡಿ ಹಾಕಿ, ಕ್ಲಚ್ ಮೆಲ್ಲಗೆ ಬಿಟ್ಟರೆ ಗಾಡಿ ನೊಗಕ್ಕೆ ಹೆಗಲು ಕೊಟ್ಟ ಎತ್ತಿನ ಹಾಗೆ ಒಂದೊಂದೇ ಹೆಜ್ಜೆಯಿಟ್ಟು ಮೇಲೇಳುತ್ತದೆ. ಇದರ ಎದುರಾಳಿಯಾಗಿದ್ದ ಜರ್ಮನಿಯ ಕ್ಯೂಬೆಲ್‌ವಾಗನ್‌ಗೆ ನಾಲ್ಕು ಗಾಲಿಯ ಬಲವೇ ಇರಲಿಲ್ಲ. ಆದರೂ ತೂಕ 725 ಕಿಲೋ ಅಷ್ಟೇ ಇದ್ದುದರಿಂದ, ಗಾಳಿಯಿಂದ ತಣಿಯುವ ಎಂಜಿನ್ನಿಗೆ ನೀರು ಬೇಡದ್ದರಿಂದ, ಆಫ್ರಿಕದ ಮರಳಿನಲ್ಲೂ ರಷ್ಯದ ಹಿಮದಲ್ಲೂ ಅದು ಓಡಿತು. ಮಾಡಿದ್ದು ಸುಮಾರು 50,000 ಮಾತ್ರ. ಜೀಪು ಅದರ ಹನ್ನೆರಡು ಪಟ್ಟಿಗಿಂತ ಹೆಚ್ಚು. ಸಂಖ್ಯೆಯೂ ಒಂದು ಶಕ್ತಿಯೇ.

ಬರ್ಮಾ ಮತ್ತು ಅಸ್ಸಾಮಿನ ಕಾಡಿನ ಯುದ್ಧದಲ್ಲಿ ಭಾರತದ ಸೈನಿಕರು ಜೀಪನ್ನು ಕಂಡರು, ಓಡಿಸಿದರು. ಯುದ್ಧ ಮುಗಿದ ಮೇಲೆ ಮಿಕ್ಕ ಜೀಪುಗಳು ಹರಾಜಿನಲ್ಲಿ ಊರೂರು ಸೇರಿದವು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಭಾಗಗಳನ್ನು ತರಿಸಿ ಜೋಡಿಸತೊಡಗಿತು. 1948ರಲ್ಲಿ ಇಂಗ್ಲೆಂಡಿನಲ್ಲಿ, ಉಕ್ಕಿನ ಕೊರತೆಯ ನಡುವೆ ಅಲ್ಯೂಮಿನಿಯಂ ಮೈ ಹೊತ್ತ ಲ್ಯಾಂಡ್‌ರೋವರ್ ಬಂತು. ಬೆಲೆ 450 ಪೌಂಡ್, ಅಂದಿನ ಲೆಕ್ಕದಲ್ಲಿ ಸುಮಾರು 6,000 ರೂಪಾಯಿ.

ಅದೇ 1948ರಲ್ಲಿ ಸ್ವತಂತ್ರ ಭಾರತದ ಮೊದಲ ಸೇನಾ ಖರೀದಿ ಹಗರಣ ನಡೆಯಿತು. ಅದು ಜೀಪಿನದೇ ಹಗರಣ. ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ಸೇನೆಗೆ ತುರ್ತಾಗಿ ಜೀಪು ಬೇಕಿತ್ತು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ. ಕೆ. ಕೃಷ್ಣ ಮೆನನ್ ಮಾಮೂಲಿ ಕ್ರಮಗಳನ್ನು ಬದಿಗೊತ್ತಿ, ಹೆಚ್ಚೇನೂ ಬಂಡವಾಳವಿಲ್ಲದ ಕಂಪನಿಯೊಂದರ ಜೊತೆ ಹಳೆ ಜೀಪುಗಳನ್ನು ದುರಸ್ತಿ ಮಾಡಿ ಕಳಿಸುವ 80 ಲಕ್ಷ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿದರು. ಮದ್ರಾಸು ಬಂದರಿಗೆ ಬಂದಿಳಿದದ್ದು 155 ಜೀಪು. ಪರೀಕ್ಷಿಸಿದಾಗ ಸೇನೆಯ ಕೆಲಸಕ್ಕೆ ಬಾರದವು ಎಂದಾಯಿತು. ಆಗ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೆಲ್ಲ ಬಳ್ಳಾರಿ ಜಿಲ್ಲೆಯ ಭಾಗವಾಗಿ ಮದ್ರಾಸು ಪ್ರಾಂತ್ಯದಲ್ಲೇ ಇದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅನಂತಶಯನಂ ಅಯ್ಯಂಗಾರ್ ನೇತೃತ್ವದಲ್ಲಿ ವಿಚಾರಣೆ ನಡೆಯಿತು, ಸಂಸತ್ತಿನಲ್ಲಿ ವರ್ಷಗಟ್ಟಲೆ ಗದ್ದಲವಾಯಿತು. 1955ರ ಸೆಪ್ಟೆಂಬರಿನಲ್ಲಿ ಸರ್ಕಾರ ಪ್ರಕರಣ ಮುಗಿಯಿತೆಂದು ಘೋಷಿಸಿತು. ಮರುವರ್ಷ ಮೆನನ್ ಕೇಂದ್ರ ಮಂತ್ರಿಯಾದರು.

ಮೆನನ್ ಅವರನ್ನು ಈ ಒಂದು ಖರೀದಿಯಿಂದ ಅಳೆದು ಸುಮ್ಮನಾಗುವವರು ಮುಂದಿನ ಅಧ್ಯಾಯವನ್ನೂ ಓದಬೇಕು. 1957ರಲ್ಲಿ ರಕ್ಷಣಾ ಮಂತ್ರಿಯಾದ ಅವರೇ ಸೇನೆಯ ಗಾಡಿ ದೇಶದಲ್ಲೇ ತಯಾರಾಗಬೇಕೆಂದು ಹಟ ಹಿಡಿದರು. ಜರ್ಮನಿಯ ಮಾನ್ ಕಂಪನಿಯ ಸಹಕಾರದಿಂದ 1959ರಲ್ಲಿ ಜಬಲ್ಪುರದಲ್ಲಿ ಶಕ್ತಿಮಾನ್ ಟ್ರಕ್ ಹೊರಬಂತು. ಜಪಾನಿನ ನಿಸ್ಸಾನ್ ಜೊತೆಗಿನ ಒಪ್ಪಂದದಿಂದ ಒಂದು ಟನ್ನಿನ ಲಾರಿಯೂ, ಆಮೇಲೆ ಜೋಂಗಾ ಎಂಬ ದಪ್ಪ ಜೀಪೂ ಬಂದವು. 1962ರ ಸೋಲಿನಲ್ಲಿ ಮೆನನ್ ಸ್ಥಾನ ಹೋಯಿತು, ಆದರೆ ಆ ಟ್ರಕ್ಕುಗಳು ಉಳಿದವು. ಶಕ್ತಿಮಾನ್ ದಶಕಗಳ ಕಾಲ ಸೇನೆಯ ಬೆನ್ನೆಲುಬಾಗಿತ್ತು. ಬಂದರಿಗೆ ಬಂದ 155 ಕೆಟ್ಟ ಜೀಪುಗಳ ಪಾಠ ವ್ಯರ್ಥವಾಗಲಿಲ್ಲ ಎಂದೇ ನಾನು ನಂಬುತ್ತೇನೆ.

ಬೆಲೆ ಮತ್ತು ಬಲದ ಲೆಕ್ಕ ಕಣ್ಣಿಗೆ ಕಟ್ಟುವಂತೆ ಕಂಡದ್ದು 1965ರ ಸೆಪ್ಟೆಂಬರಿನಲ್ಲಿ, ಪಂಜಾಬಿನ ಖೇಮ್‌ಕರಣ್ ಬಳಿಯ ಅಸಲ್ ಉತ್ತರ್‌ನಲ್ಲಿ. ಪಾಕಿಸ್ತಾನದ ಬಳಿ ಅಮೆರಿಕದ ಪ್ಯಾಟನ್ ಟ್ಯಾಂಕುಗಳಿದ್ದವು. ಒಂದೊಂದರ ತೂಕ 45 ಟನ್ನಿನ ಮೇಲೆ. ಭಾರತದ ಪಡೆ ಕಾಲುವೆ ಒಡೆದು ಹೊಲಗಳಿಗೆ ನೀರು ಹಾಯಿಸಿತು. ಬೆಳೆದು ನಿಂತ ಕಬ್ಬಿನ ನಡುವೆ, ಮೆತ್ತಗಾದ ನೆಲದಲ್ಲಿ ಆ ಭಾರದ ಟ್ಯಾಂಕುಗಳು ಹೂತು ನಿಂತವು. ಅವುಗಳ ಎದುರು 4 ಗ್ರೆನೇಡಿಯರ್ಸ್ ಪಡೆಯ ಹವಾಲ್ದಾರ್ ಅಬ್ದುಲ್ ಹಮೀದ್ ಬಳಿ ಇದ್ದದ್ದು ಒಂದು ಜೀಪು, ಅದರ ಮೇಲೆ ಕೂರಿಸಿದ 106 ಮಿಲಿಮೀಟರಿನ ತೋಪು. ಆ ತೋಪು ಹಾರಿಸಿದೊಡನೆ ಹಿಂದೆ ಬೆಂಕಿ ಮತ್ತು ಧೂಳು ಎದ್ದು ಜಾಗ ಶತ್ರುವಿಗೆ ಗೊತ್ತಾಗುತ್ತದೆ. ಹಾಗಾಗಿ ಹೊಡೆದ ಕೂಡಲೇ ಜಾಗ ಬದಲಿಸಬೇಕು. ಜೀಪು ಹಗುರಾಗಿದ್ದುದರಿಂದ ಅದು ಆಗುತ್ತಿತ್ತು. ಹಮೀದ್ ಹೀಗೆ ಜಾಗ ಬದಲಿಸುತ್ತ ಒಂದಾದ ಮೇಲೊಂದು ಟ್ಯಾಂಕನ್ನು ಒಡೆದರು. ಸೆಪ್ಟೆಂಬರ್ 10ರಂದು ಎದುರಿನ ಟ್ಯಾಂಕಿನ ಗುಂಡಿಗೆ ಬಲಿಯಾದರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಸಂದಿತು. ಧೈರ್ಯ ಆ ಮನುಷ್ಯನದು. ಅಂಥ ಧೈರ್ಯವನ್ನು ಹೊತ್ತು ತಿರುಗಲು ಆ ನೆಲದಲ್ಲಿ ಒಂದು ಟನ್ನಿನ ಗಾಡಿಯೇ ತಕ್ಕದ್ದಾಗಿತ್ತು.

ಜಬಲ್ಪುರದ ಜೋಂಗಾ 1969ರಿಂದ 1999ರವರೆಗೆ ತಯಾರಾಯಿತು. ನಿಸ್ಸಾನ್ ಪ್ಯಾಟ್ರೋಲ್ ಗಾಡಿಯ ಮಾದರಿ, ಆರು ಸಿಲಿಂಡರಿನ ಸುಮಾರು ನಾಲ್ಕು ಲೀಟರಿನ ಎಂಜಿನ್. ಬಂಡೆಗಲ್ಲಿನ ಮೇಲೆ ಹತ್ತಿಸಿದರೂ ಜಗ್ಗದ ಗಾಡಿ, ಆದರೆ ಎಣ್ಣೆ ಕುಡಿಯುವುದರಲ್ಲಿ ನಿಷ್ಕರುಣಿ. ಸೇನೆಗೆ ಇನ್ನೊಂದು ದಾರಿ ತೋರಿಸಿದ್ದು 1985ರ ಕೊನೆಗೆ ಬಂದ ಮಾರುತಿ ಜಿಪ್ಸಿ. ಮೊದಲ ಜಿಪ್ಸಿಯ ಎಂಜಿನ್ ಒಂದು ಲೀಟರಿಗೂ ಕಡಿಮೆ, 45 ಅಶ್ವಶಕ್ತಿ. ನೋಡಿದವರು ಇದು ಹುಡುಗರ ಗಾಡಿ ಎಂದರು. ಆದರೆ ಒಂದು ಟನ್ನಿಗೂ ಕಡಿಮೆ ತೂಕದ ಆ ಗಾಡಿ ಮರಳಿನಲ್ಲಿ ಹೂಳುತ್ತಿರಲಿಲ್ಲ, ಹೂತರೂ ನಾಲ್ಕು ಜವಾನರು ಹೆಗಲು ಕೊಟ್ಟು ಎತ್ತುತ್ತಿದ್ದರು. ಹಿಮದ ಬೆಳಗಿನಲ್ಲಿ ಡೀಸೆಲ್ ಗಾಡಿಗಳು ಹೆಪ್ಪುಗಟ್ಟಿ ನಿಂತಾಗ ಪೆಟ್ರೋಲಿನ ಜಿಪ್ಸಿ ಶುರುವಾಗುತ್ತಿತ್ತು. 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂದ ಮೇಲೆ ಬಲದ ಕೊರತೆಯೂ ನೀಗಿತು. ಮೂವತ್ತು ಸಾವಿರಕ್ಕೂ ಹೆಚ್ಚು ಜಿಪ್ಸಿಗಳು ಸೇನೆ ಸೇರಿದವು.

ಆಮೇಲೆ ಸೇನೆಯ ಬೇಡಿಕೆ ಹಿಗ್ಗಿತು. 500 ಕಿಲೋ ಹೊರುವ ಗಾಡಿ ಸಾಲದು, 800 ಕಿಲೋ ಹೊರಬೇಕು, ಗಟ್ಟಿ ಚಾವಣಿ ಬೇಕು, ಎ.ಸಿ. ಬೇಕು ಎಂಬ ಹೊಸ ಪಟ್ಟಿ ಬಂತು. ಆ ಸ್ಪರ್ಧೆಯಲ್ಲಿ ಮಹೀಂದ್ರದ ಸ್ಕಾರ್ಪಿಯೋವನ್ನು ಹಿಂದೆ ಹಾಕಿ ಟಾಟಾ ಸಫಾರಿ ಸ್ಟಾರ್ಮ್ 2017ರಲ್ಲಿ 3,192 ಗಾಡಿಗಳ ಆರ್ಡರ್ ಗಿಟ್ಟಿಸಿತು. ಅದರ ತೂಕ ಜಿಪ್ಸಿಯ ಎರಡು ಪಟ್ಟು. ರಸ್ತೆಯಲ್ಲಿ ಅಧಿಕಾರಿಗಳ ಓಡಾಟಕ್ಕೆ ಅದು ಒಳ್ಳೆಯ ಗಾಡಿ. ಎರೆಗೆ ಇಳಿಸಲು ನಾನಂತೂ ಜಿಪ್ಸಿಯನ್ನೇ ಆರಿಸುತ್ತಿದ್ದೆ.

ಹೊರಗಿನ ದೇಶಗಳಲ್ಲಿ ಈ ಹಿಗ್ಗುವಿಕೆ ಎಲ್ಲಿಗೆ ಮುಟ್ಟಿದೆ ನೋಡಿ. ಅಮೆರಿಕ 1983ರಲ್ಲಿ ಜೀಪಿನ ಜಾಗಕ್ಕೆ ಹಮ್ವೀ ತಂದಾಗ 55,000 ಗಾಡಿಗಳಿಗೆ 120 ಕೋಟಿ ಡಾಲರ್ ಗುತ್ತಿಗೆ ಕೊಟ್ಟಿತು. ಒಂದಕ್ಕೆ ಸುಮಾರು 22,000 ಡಾಲರ್. ಇರಾಕಿನಲ್ಲಿ ರಸ್ತೆ ಬಾಂಬುಗಳು ಹಮ್ವೀಗಳನ್ನು ಹರಿದುಹಾಕಿದವು. ಕವಚ ಹೊದಿಸಿದರೆ ತೂಕ ಏರಿತು, ತೂಕ ಏರಿದರೆ ಎಂಜಿನ್ ಮತ್ತು ಚೌಕಟ್ಟು ಸೋತವು. 2015ರಲ್ಲಿ ಹೊಸ ಕವಚದ ಗಾಡಿಗೆ ಕೊಟ್ಟ ಗುತ್ತಿಗೆ ಸುಮಾರು 17,000 ಗಾಡಿಗಳಿಗೆ 670 ಕೋಟಿ ಡಾಲರ್, ಅಂದರೆ ಒಂದಕ್ಕೆ ನಾಲ್ಕು ಲಕ್ಷ ಡಾಲರಿನ ಹತ್ತಿರ. ಸೈನಿಕನ ಜೀವಕ್ಕೆ ಬೆಲೆ ಕಟ್ಟಬಾರದು, ಬಾಂಬಿನ ದಾರಿಯಲ್ಲಿ ಕವಚ ಬೇಕೇ ಬೇಕು. ಆದರೆ ಎಲ್ಲ ಕೆಲಸಕ್ಕೂ ಅಂಥ ಗಾಡಿ ಎಂದು ಹೊರಟರೆ ಶ್ರೀಮಂತ ದೇಶದ ಬೊಕ್ಕಸವೂ ತಡೆಯುವುದಿಲ್ಲ. ಆಫ್ರಿಕದ ಚಾಡ್ ದೇಶ 1987ರಲ್ಲಿ ಇದರ ಇನ್ನೊಂದು ಮುಖ ತೋರಿಸಿತು. ಟೊಯೋಟ ಪಿಕಪ್ಪುಗಳ ಮೇಲೆ ಟ್ಯಾಂಕ್ ಒಡೆಯುವ ಕ್ಷಿಪಣಿ ಕಟ್ಟಿಕೊಂಡ ಅದರ ಸೈನಿಕರು ಫಾದಾ, ವಾದಿ ದೂಮ್‌ಗಳಲ್ಲಿ ಲಿಬಿಯದ ಹತ್ತಾರು ಟ್ಯಾಂಕುಗಳನ್ನು ನಾಶಮಾಡಿ ಆ ಸೇನೆಯನ್ನು ಮರುಭೂಮಿಯಿಂದ ಓಡಿಸಿದರು. ಸಂತೆಗೆ ಹೋಗುವ ಗಾಡಿಯೇ ಯುದ್ಧವನ್ನೂ ಗೆದ್ದಿತು.

ಭಾರದ ಗಾಡಿ ಬೇಡವೇ ಬೇಡ ಎಂದಲ್ಲ. ಕೋಲಾರದ ಕೆಜಿಎಫ್‌ನಲ್ಲಿ ಕಾರ್ಖಾನೆ ಇರುವ ನಮ್ಮ ಬೆಮೆಲ್ 1986ರಿಂದ ಝೆಕ್ ಮೂಲದ ಟಾಟ್ರಾ ಟ್ರಕ್ಕುಗಳನ್ನು ಸೇನೆಗೆ ಕೊಟ್ಟಿದೆ. ಟಾಟ್ರಾದ ಚೌಕಟ್ಟು ಎರಡು ಉಕ್ಕಿನ ತೊಲೆಗಳಲ್ಲ. ನಡುವೆ ಒಂದೇ ದಪ್ಪ ಕೊಳವೆ, ಅದರ ಒಳಗೆ ಬಲ ಸಾಗಿಸುವ ದಂಡ, ಎರಡೂ ಬದಿಗೆ ಸ್ವತಂತ್ರವಾಗಿ ಏರಿಳಿಯುವ ಅರ್ಧ ಅಚ್ಚುಗಳು. ಒಂದು ಗಾಲಿ ಗುಂಡಿಗೆ ಬಿದ್ದರೂ ಉಳಿದವು ನೆಲ ಬಿಡುವುದಿಲ್ಲ, ಮೇಲಿನ ಭಾರ ತಿರುಚಿಕೊಳ್ಳುವುದಿಲ್ಲ. ಪಿನಾಕ ರಾಕೆಟ್ಟುಗಳು ಹೊಲದ ದಾರಿಯಲ್ಲಿ ಅಲುಗಾಡದೆ ಸಾಗುವುದು ಈ ಕೊಳವೆಯ ಮೇಲೆಯೇ. 2012ರಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ವಿ. ಕೆ. ಸಿಂಗ್, ಟ್ರಕ್ ಖರೀದಿಗೆ ಒಪ್ಪಿಗೆ ಕೊಡಲು ತಮಗೆ 14 ಕೋಟಿ ರೂಪಾಯಿ ಲಂಚದ ಆಮಿಷ ಬಂದಿತ್ತೆಂದು ಹೇಳಿದಾಗ ದೊಡ್ಡ ವಿವಾದವೆದ್ದಿತು. ಜಗಳ ಹೆಚ್ಚಾಗಿ ಬೆಲೆ ಮತ್ತು ಖರೀದಿಯ ದಾರಿಯದಾಗಿತ್ತು.

ಇತ್ತೀಚಿನ ಎರಡು ಒಪ್ಪಂದಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. 2021ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ ಮಹೀಂದ್ರದಿಂದ ಕವಚವಿರುವ 1,300 ಲಘು ಗಾಡಿಗಳನ್ನು 1,056 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಿತು. ಒಂದಕ್ಕೆ 81 ಲಕ್ಷ. 2025ರ ಮಾರ್ಚ್‌ನಲ್ಲಿ ಫೋರ್ಸ್ ಮೋಟಾರ್ಸ್ ಮತ್ತು ಮಹೀಂದ್ರ ಕಂಪನಿಗಳಿಂದ ಸುಮಾರು 5,000 ಸಾಧಾರಣ ಲಘು ಗಾಡಿಗಳಿಗೆ ಸುಮಾರು 700 ಕೋಟಿಯ ಒಪ್ಪಂದವಾಯಿತು. ಒಂದಕ್ಕೆ ಸುಮಾರು 14 ಲಕ್ಷ. ಇದರಲ್ಲಿ ಫೋರ್ಸ್ ಕಂಪನಿಯ ಪಾಲು ಗೂರ್ಖಾ. ಒಂದು ಕವಚದ ಗಾಡಿಯ ಹಣಕ್ಕೆ ಐದಾರು ಗೂರ್ಖಾ ಬರುತ್ತವೆ. ಗುಂಡು ಹಾರುವ ಕಡೆಗೆ ಮೊದಲನೆಯದು, ಅನ್ನ ಮದ್ದು ಸಾಗಿಸುವ ಕಡೆಗೆ ಎರಡನೆಯದು ಎಂದು ಬೇರೆಬೇರೆಯಾಗಿ ಕೊಂಡದ್ದು ಸರಿಯಾದ ನಡೆ. ತೋಪಿಗೆ ಅಮೃತ ಮಹಲ್, ಕಾಳಿಗೆ ಹೇರೆತ್ತು ಎಂದು ಹಿಂದಿನವರೂ ಹೀಗೆಯೇ ಬೇರ್ಪಡಿಸಿದ್ದರು.

ಗೂರ್ಖಾ ಹುಟ್ಟಿದ್ದು ಟ್ರ್ಯಾಕ್ಸ್ ಗಾಡಿಯ ಮನೆತನದಲ್ಲಿ. ಬಜಾಜ್ ಟೆಂಪೊ ಎಂದಿದ್ದ ಕಂಪನಿ 2005ರಲ್ಲಿ ಫೋರ್ಸ್ ಎಂದಾಯಿತು. ಟ್ರ್ಯಾಕ್ಸ್, ಕ್ರೂಸರ್ ಎಂದರೆ ನಮ್ಮ ಐದು ತಾಲ್ಲೂಕುಗಳಲ್ಲಿ ಗೊತ್ತಿಲ್ಲದವರಿಲ್ಲ. ಕೊಟ್ಟೂರಿನ ಗುರು ಕೊಟ್ಟೂರೇಶ್ವರ ತೇರಿಗೆ, ಮೈಲಾರದ ಕಾರಣಿಕಕ್ಕೆ, ಕುರುವತ್ತಿ ಜಾತ್ರೆಗೆ ಎತ್ತಿನ ಬಂಡಿಗಳ ಸಾಲಿನ ಪಕ್ಕದಲ್ಲೇ ಜನ ತುಂಬಿಕೊಂಡು ಬರುವುದು ಇದೇ ಗಾಡಿ. ಕೂಲಿಗೆ ಹೋಗುವವರು, ಮದುವೆಗೆ ಹೋಗುವವರು ಹತ್ತುವುದೂ ಇದನ್ನೇ. ಗೂರ್ಖಾದಲ್ಲಿರುವ ಮರ್ಸಿಡಿಸ್ ಮೂಲದ 2.6 ಲೀಟರ್ ಡೀಸೆಲ್ ಎಂಜಿನ್ ಈ ಮನೆತನದ್ದೇ. ಅದರ ಹೊಟ್ಟೆ ಬಿಚ್ಚಿ ನೋಡಬಲ್ಲ ಮೆಕ್ಯಾನಿಕ್ ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನಲ್ಲೂ ಸಿಗುತ್ತಾನೆ. ಸೇನೆ ಈ ಸಲ ಊರಿನವರಿಗೆ ಪರಿಚಯವಿರುವ ಯಂತ್ರವನ್ನು ಕೊಂಡಿದೆ, ಈ ಖರೀದಿಯಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಅದು.

ಬೆಂಗಳೂರಿನ ಎಎಸ್‌ಸಿ (ಸೇನೆಯ ಸಾಗಾಟದ ಪಡೆ) ಸೆಂಟರಿನಲ್ಲಿ ಸೇನೆಯ ಡ್ರೈವರುಗಳು ಇಂದಿಗೂ ತರಬೇತಿ ಪಡೆಯುತ್ತಾರೆ. ಲಾರಿ ಹೋಗದ ಹಿಮಾಲಯದ ನೆತ್ತಿಗೆ ಅದೇ ಪಡೆಯ ಹೇಸರಗತ್ತೆಗಳು ಇಂದಿಗೂ ಹೇರು ಹೊರುತ್ತವೆ. ಈ ಗಾಡಿಗಳ ಟೆಂಡರ್, ದರ, ತೂಕಗಳೆಲ್ಲ ಸರ್ಕಾರದ ಕಡತಗಳಲ್ಲಿವೆ. ಯಾವ ಗಾಡಿ ಯಾವ ತಿರುವಿನಲ್ಲಿ ಕೈಕೊಟ್ಟಿತು, ಯಾವುದು ರಾತ್ರಿಯಿಡೀ ಓಡಿ ಬೆಳಗ್ಗೆ ಮತ್ತೆ ಶುರುವಾಯಿತು ಎಂಬುದು ಓಡಿಸಿದವರ ತಲೆಯಲ್ಲಿ ಮಾತ್ರ ಇದೆ. ಸೇನೆಯಲ್ಲಿ ಶಕ್ತಿಮಾನ್, ಜೋಂಗಾ, ಜಿಪ್ಸಿ ಓಡಿಸಿ ನಿವೃತ್ತರಾಗಿ ಊರಿಗೆ ಬಂದವರು ನಿಮ್ಮ ಓಣಿಯಲ್ಲಿದ್ದರೆ, ಹೇರಿನ ಕಾಲದ ಮಾತು ಕೇಳಿ ಬೆಳೆದ ಹಿರಿಯರು ನಿಮ್ಮ ತಾಂಡಾದಲ್ಲಿದ್ದರೆ, ದಯವಿಟ್ಟು ಅವರ ಪಕ್ಕ ಕುಳಿತು ಕೇಳಿ, ಬರೆದಿಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಅಲ್ಲಿನ ಚರಿತ್ರೆಯ ವಿದ್ಯಾರ್ಥಿಗಳು ಈ ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳಬೇಕು.